ಗೊಂಬೆಯೋ, ಗೊಂಬೆಗಳೋ?

ಓದುಗರ ಪ್ರಶ್ನೆ: ಆನ್‌ಲೈನ್ ಅಂಗಡಿ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಗಳು’ ಎಂಬ ಒಂದೇ ಪ್ರತ್ಯಯದ ಬೆನ್ನು ಹತ್ತಿವೆ. ಅಂಗಡಿಯ ಪುಟ, ಜಾಹೀರಾತು, ಮಾರಾಟ ತಾಣ ಇವುಗಳಲ್ಲಿ ಹುಡುಕುಪದವನ್ನು ಏಕವಚನದಲ್ಲಿ ಇಡಬೇಕೋ ಬಹುವಚನದಲ್ಲೋ ಎಂಬುದು ಪ್ರಶ್ನೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಚನ್ನಪಟ್ಟಣದ ಮರದ ಗೊಂಬೆ ಮಾರುವ ಸ್ವಂತ ತಾಣ ನಮ್ಮದು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಪುಟಗಳಿವೆ. ವಿಭಾಗಕ್ಕೆ ‘ಚನ್ನಪಟ್ಟಣದ ಗೊಂಬೆ’ ಎಂದು ಹೆಸರಿಟ್ಟಿದ್ದೇವೆ. ‘ಗೊಂಬೆಗಳು’ ಎಂದು ಹುಡುಕುವವರು ಕೈತಪ್ಪುತ್ತಾರೆ, ಅದಕ್ಕೇ ಇನ್ನೊಂದು ಪುಟ ಮಾಡಿ ಎನ್ನುತ್ತಾರೆ ತಾಣ ಕಟ್ಟಿಕೊಟ್ಟವರು. ಮಾಡಬೇಕೆ?

ಬೇಡ. ಒಂದೇ ಸರಕಿಗೆ ಏಕವಚನದ್ದೊಂದು, ಬಹುವಚನದ್ದೊಂದು ಪುಟ ಮಾಡಿದರೆ ಎರಡೂ ಒಂದೇ ಹುಡುಕಾಟಕ್ಕೆ ಪೈಪೋಟಿಗಿಳಿಯುತ್ತವೆ. ಕೊಂಡಿಗಳು ಅರ್ಧ ಇಲ್ಲಿ, ಅರ್ಧ ಅಲ್ಲಿ ಹಂಚಿಹೋಗಿ ಯಾವುದೂ ಮೇಲೇರುವುದಿಲ್ಲ.

ಹೆಸರಿನ ವಿಚಾರದಲ್ಲಿ ಇಂಗ್ಲಿಷ್ ಪುಟಕ್ಕೂ ಕನ್ನಡ ಪುಟಕ್ಕೂ ಒಂದೇ ನಿಯಮ ಹೊಂದುವುದಿಲ್ಲ. ಇಂಗ್ಲಿಷಿನಲ್ಲಿ ‘ಟಾಯ್ಸ್’ ಎಂದು ಹುಡುಕುವವರು ಸಾಮಾನ್ಯವಾಗಿ ಹತ್ತಾರು ಬಗೆ ನೋಡಿ ಆರಿಸುವವರು. ಅವರನ್ನು ವಿಭಾಗದ ಪುಟಕ್ಕೆ ಕರೆದೊಯ್ಯಬೇಕು. ‘ಟಾಯ್’ ಎಂಬ ಏಕವಚನದ ಜತೆ ‘ರಾಕಿಂಗ್ ಹಾರ್ಸ್’ ಥರದ ನಿರ್ದಿಷ್ಟ ಪದ ಸೇರಿರುವುದೇ ಹೆಚ್ಚು. ಅವರಿಗೆ ಬೇಕಾದ್ದು ಒಂದೇ ವಸ್ತುವಿನ ಪುಟ. ಹಾಗಾಗಿ ಇಂಗ್ಲಿಷ್ ಪುಟಗಳಲ್ಲಿ ವಿಭಾಗಕ್ಕೆ ಬಹುವಚನ, ವಸ್ತುವಿಗೆ ಏಕವಚನ ಎಂಬ ಹಳೆಯ ಪಾಠ ಈಗಲೂ ಸರಿ.

ಕನ್ನಡದಲ್ಲಿ ಈ ಪಾಠ ಕೈಕೊಡುತ್ತದೆ. ನಪುಂಸಕಲಿಂಗದ ನಾಮಪದಕ್ಕೆ ನಾವು ಎಣಿಕೆ ಸೇರಿಸಿದಾಗಲೂ ‘ಗಳು’ ಹಚ್ಚುವುದು ಕಡಿಮೆ. ‘ನಾಲ್ಕು ಗೊಂಬೆ ಕೊಡಿ’, ‘ಎರಡು ಸೀರೆ ತಂದೆ’, ‘ಒಂದು ಡಜನ್ ಬಳೆ’ ಎನ್ನುತ್ತೇವೆ. ಕೌಂಟರಿನಲ್ಲಿ ನಿಂತು ‘ನಾಲ್ಕು ಗೊಂಬೆಗಳನ್ನು ಕೊಡಿ’ ಎಂದರೆ ಅಂಗಡಿಯವರು ಪಠ್ಯಪುಸ್ತಕದಿಂದ ಎದ್ದು ಬಂದವರನ್ನು ಕಂಡಂತೆ ನೋಡುತ್ತಾರೆ. ದಸರೆಗೆ ಕೂರಿಸುವ ರಾಜ–ರಾಣಿಯರದು ಜೋಡಿ. ಆದರೂ ಅದು ‘ಪಟ್ಟದ ಗೊಂಬೆ’. ಬಾಯಲ್ಲಿ ಹೇಗೋ ಹುಡುಕುಪಟ್ಟಿಯಲ್ಲೂ ಹಾಗೆಯೇ ಟೈಪಿಸುತ್ತಾರೆ. ನಿಮ್ಮ ‘ಚನ್ನಪಟ್ಟಣದ ಗೊಂಬೆ’ ಎಂಬ ವಿಭಾಗದ ಹೆಸರು ಸರಿಯಾಗಿಯೇ ಇದೆ. ‘ಗಳು’ ರೂಪಕ್ಕೆ ಪುಟದ ಮೊದಲ ಪ್ಯಾರಾದಲ್ಲಿ ಸಹಜವಾಗಿ ಬರುವ ಒಂದು ವಾಕ್ಯ ಸಾಕು: ‘ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿದ ಗೊಂಬೆಗಳು ಇಲ್ಲಿವೆ.’ ಅದಕ್ಕಿಂತ ‘ಚೆನ್ನಪಟ್ಟಣ’ ಎಂದು ಬರೆಯುವವರ ಬಗ್ಗೆ ಯೋಚಿಸಿ. ಊರ ಹೆಸರಿನ ಆ ಎತ್ವ ‘ಗಳು’ವಿಗಿಂತ ಹೆಚ್ಚು ಗಿರಾಕಿಗಳನ್ನು ಅತ್ತಿತ್ತ ಮಾಡಬಲ್ಲದು.

ಯಾವುದಾದರೂ ಪದದ ಬಗ್ಗೆ ಅನುಮಾನ ಬಂದರೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಎರಡೂ ರೂಪ ಹುಡುಕಿ, ಮೊದಲ ಹತ್ತು ಫಲಿತಾಂಶ ಹೋಲಿಸಿ. ಏಳು ಅಥವಾ ಅದಕ್ಕಿಂತ ಹೆಚ್ಚು ಪುಟಗಳು ಎರಡರಲ್ಲೂ ಇದ್ದರೆ ಗೂಗಲ್ ಅವನ್ನು ಒಂದೇ ಬೇಡಿಕೆಯಾಗಿ ಕಾಣುತ್ತಿದೆ. ಒಂದು ಪುಟ ಸಾಕು. ಮೂರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬೇಡಿಕೆಯೇ ಬೇರೆ. ನಡುವಿನ ನಾಲ್ಕರಿಂದ ಆರಕ್ಕೆ ಸದ್ಯ ಒಂದೇ ಪುಟ ಇಟ್ಟು ಮೂರು ತಿಂಗಳು ಕಾಯಿರಿ. ಈ ಅಂಕಿಗಳು ಗೂಗಲ್ ಕೊಟ್ಟವಲ್ಲ, ಕೆಲಸಕ್ಕೆ ಇಟ್ಟುಕೊಂಡ ಅಂದಾಜಿನ ಗೆರೆ.

ಪ್ರಶ್ನೆ: ಹಾಗಾದರೆ ಏಕವಚನ, ಬಹುವಚನಗಳಿಗೆ ಎಂದೂ ಬೇರೆ ಪುಟ ಬೇಡವೆ?

ಬೇಕಾಗುವುದುಂಟು. ಎರಡು ರೂಪಗಳು ಎರಡು ಸರಕನ್ನು ಸೂಚಿಸಿದರೆ ಬೇರೆ ಮಾಡಲೇಬೇಕು. ಇಂಗ್ಲಿಷಿನ ‘ಗ್ಲಾಸ್’ ನಮ್ಮಲ್ಲಿ ನೀರಿನ ಲೋಟ, ‘ಗ್ಲಾಸಸ್’ ಎಂದರೆ ಕನ್ನಡಕವೂ ಹೌದು. ‘ಕ್ಲಾತ್’ ಹುಡುಕುವವರಿಗೆ ಮೀಟರ್ ಲೆಕ್ಕದ ಬಟ್ಟೆ ಬೇಕು, ‘ಕ್ಲೋತ್ಸ್’ ಹುಡುಕುವವರಿಗೆ ಹೊಲಿದ ಉಡುಪು.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ‘ಮಗು’ ಮತ್ತು ‘ಮಕ್ಕಳು’. ವ್ಯಾಕರಣಕ್ಕೆ ಇದು ಏಕವಚನ, ಅದು ಬಹುವಚನ. ಗಿರಾಕಿಗೆ ಮಾತ್ರ ‘ಮಗುವಿನ ಆಟಿಕೆ’ ಎಂದರೆ ಕೈಕಾಲು ಆಡಿಸುವ ಕೂಸಿನ ಗಿಲಕಿ, ಹಲ್ಲು ಬರುವಾಗ ಕಚ್ಚುವ ಮರದ ಬಳೆ. ‘ಮಕ್ಕಳ ಆಟಿಕೆ’ ಎಂದರೆ ಬುಗುರಿ, ಎಳೆಯುವ ಗಾಡಿ. ಬಟ್ಟೆಯಲ್ಲೂ ಇದೇ ಭೇದ. ಇವೆರಡನ್ನು ಒಂದೇ ಪುಟಕ್ಕೆ ತುರುಕಿದರೆ ಇಬ್ಬರಿಗೂ ಅರ್ಧ ಪುಟ ವ್ಯರ್ಥ. ವಯಸ್ಸಿನ ಪ್ರಕಾರ ಎರಡು ಪುಟ ಮಾಡಿ, ಹೆಸರಿನಲ್ಲೇ ತಿಂಗಳು ಅಥವಾ ವರ್ಷ ಬರೆಯಿರಿ.

ಪ್ರಶ್ನೆ: ಗೂಗಲ್‌ನ ಕೀವರ್ಡ್ ಪ್ಲಾನರ್‌ನಲ್ಲಿ ‘ಟಾಯ್’, ‘ಟಾಯ್ಸ್’ ಎರಡಕ್ಕೂ ಹುಡುಕಾಟಗಳ ಒಂದೇ ಸಂಖ್ಯೆ ತೋರಿಸುತ್ತಿದೆ. ದೋಷವೆ? ಎರಡನ್ನೂ ಕೂಡಿಸಿ ಒಟ್ಟು ಬೇಡಿಕೆ ಎಂದು ತೆಗೆದುಕೊಳ್ಳಬಹುದೆ?

ದೋಷವಲ್ಲ, ಆ ಸಾಧನದ ಕ್ರಮವೇ ಅದು. ಏಕವಚನ, ಬಹುವಚನ, ಅಕ್ಷರತಪ್ಪು ಇಂಥ ಹತ್ತಿರದ ರೂಪಗಳನ್ನು ಅದು ಗುಂಪು ಮಾಡಿ ಒಟ್ಟು ಸಂಖ್ಯೆಯನ್ನು ಪ್ರತಿಯೊಂದರ ಎದುರಿಗೂ ಇಡುತ್ತದೆ. ಕೂಡಿಸಿದರೆ ಅದೇ ಗಿರಾಕಿಯನ್ನು ಎರಡು ಸಲ ಎಣಿಸಿದಂತೆ. ಜಾಹೀರಾತಿಗೆ ಹೆಚ್ಚು ಖರ್ಚು ಮಾಡದ ಖಾತೆಗಳಿಗೆ ನಿಖರ ಸಂಖ್ಯೆಯ ಬದಲು ‘100ರಿಂದ 1,000’ದಂಥ ಅಗಲವಾದ ವ್ಯಾಪ್ತಿ ಮಾತ್ರ ಸಿಗುತ್ತದೆ, ಅದರಲ್ಲಿ ಎರಡು ರೂಪಗಳ ವ್ಯತ್ಯಾಸ ಹುಡುಕುವುದು ಜರಡಿಯಲ್ಲಿ ನೀರು ಹಿಡಿದಂತೆ.

ಹುಡುಕಾಟಗಳ ಏರಿಳಿತ ತೋರಿಸುವ ಗೂಗಲ್ ಟ್ರೆಂಡ್ಸ್ ಹೀಗೆ ಗುಂಪು ಮಾಡುವುದಿಲ್ಲ. ‘ವಿಷಯ’ ಎಂಬ ಆಯ್ಕೆ ಬಿಟ್ಟು ‘ಹುಡುಕುಪದ’ ಎಂದು ಆರಿಸಿದರೆ ನೀವು ಕೊಟ್ಟ ರೂಪವನ್ನೇ ಲೆಕ್ಕಿಸುತ್ತದೆ. ಎರಡನ್ನು ಸೇರಿಸಿ ನೋಡಬೇಕಾದರೆ ನಡುವೆ ಕೂಡುವ ಚಿಹ್ನೆ ಹಾಕಬಹುದು: ಗೊಂಬೆ + ಗೊಂಬೆಗಳು. ಅಲ್ಲಿನ 0ರಿಂದ 100ರ ಅಂಕಿ ಹುಡುಕಾಟಗಳ ಎಣಿಕೆಯಲ್ಲ, ಹೋಲಿಕೆಯ ಅಳತೆ. ವಿರಳವಾಗಿ ಹುಡುಕುವ ಕನ್ನಡ ಪದಗಳಿಗೆ ಸಾಕಷ್ಟು ಮಾಹಿತಿ ಇಲ್ಲ ಎಂಬ ಸಂದೇಶವೇ ಎದುರಾಗುತ್ತದೆ.

ಆದ್ದರಿಂದ ಕನ್ನಡ ಅಂಗಡಿಗೆ ನಂಬಬಹುದಾದ ಲೆಕ್ಕ, ತಾಣ ಯಾವ ಹುಡುಕಾಟಕ್ಕೆ ಕಂಡಿತೆಂದು ಅದರ ಒಡೆಯರಿಗೆ ತಿಳಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನದು. ಅದು ಜನ ಟೈಪಿಸಿದ್ದನ್ನು ಟೈಪಿಸಿದಂತೆಯೇ ಬೇರೆ ಬೇರೆ ಸಾಲಿನಲ್ಲಿ ಕೊಡುತ್ತದೆ, 16 ತಿಂಗಳ ಹಿಂದಿನವರೆಗೂ. ಅವಧಿಯನ್ನು ಪೂರ್ತಿ 12 ತಿಂಗಳು ಇಡಿ. ಮೂರು ತಿಂಗಳು ಇಟ್ಟರೆ ದಸರೆಯೊಂದೇ ಲೆಕ್ಕವನ್ನು ವಾಲಿಸುತ್ತದೆ. ಪರ್ಫಾರ್ಮೆನ್ಸ್ ವರದಿಯಲ್ಲಿ ಕ್ವೆರಿ ಫಿಲ್ಟರ್ ತೆರೆದು ‘ರೆಜೆಕ್ಸ್’ (ಅಕ್ಷರವಿನ್ಯಾಸ ಕೊಟ್ಟು ಸೋಸುವ ಆಯ್ಕೆ) ಆರಿಸಿ. ಮೊದಲು ಇದನ್ನು ಕೊಡಿ:

ಗೊಂಬೆ( |$)

ಇದು ‘ಗೊಂಬೆ’ ಎಂಬಲ್ಲಿಗೆ ಪದ ಮುಗಿದ ಹುಡುಕಾಟಗಳನ್ನಷ್ಟೇ ಹಿಡಿಯುತ್ತದೆ. ಸಂಖ್ಯೆ ಬರೆದುಕೊಂಡು, ನಂತರ ಇದನ್ನು ಕೊಡಿ:

ಗೊಂಬೆಗಳ

ಕೊನೆಯ ಉತ್ವ ಬೇಕೆಂದೇ ಬಿಟ್ಟಿದ್ದೇವೆ. ಗಣಕದ ಲೆಕ್ಕದಲ್ಲಿ ‘ಳ’ ಒಂದು ಅಕ್ಷರ, ಅದರ ನಂತರ ಬರುವ ಸ್ವರಚಿಹ್ನೆ ಇನ್ನೊಂದು. ಹಾಗಾಗಿ ‘ಗಳ’ ಎಂದು ಕೊಟ್ಟರೆ ಗಳು, ಗಳನ್ನು, ಗಳಿಗೆ, ಗಳಲ್ಲಿ ಎಲ್ಲವೂ ಒಂದೇ ಬಲೆಗೆ ಬೀಳುತ್ತವೆ.

ಸಂಖ್ಯೆ ಓದುವಾಗ ಒಂದು ಎಡವಟ್ಟು ಆಗುತ್ತದೆ. ಏಕವಚನಕ್ಕೆ 900 ಇಂಪ್ರೆಷನ್ (ಫಲಿತಾಂಶದಲ್ಲಿ ಪುಟ ಎಷ್ಟು ಸಲ ಕಂಡಿತು ಎಂಬ ಎಣಿಕೆ), ಸರಾಸರಿ ಸ್ಥಾನ 6. ಬಹುವಚನಕ್ಕೆ 120 ಇಂಪ್ರೆಷನ್, ಸ್ಥಾನ 34 ಎಂದು ಬಂತೆನ್ನಿ. ಬಹುವಚನಕ್ಕೆ ಬೇಡಿಕೆಯಿಲ್ಲ ಎಂದು ತಕ್ಷಣ ತೀರ್ಮಾನಿಸಬೇಡಿ. 34ನೇ ಸ್ಥಾನದ ಪುಟ ಹೆಚ್ಚಿನವರ ಪರದೆಯವರೆಗೆ ಬರುವುದೇ ಇಲ್ಲ, ಹಾಗಾಗಿ ಇಂಪ್ರೆಷನ್ ಕಡಿಮೆ. ಎರಡೂ ರೂಪಗಳ ಸ್ಥಾನ ಮೊದಲ ಹತ್ತರ ಆಸುಪಾಸು ಇದ್ದಾಗಷ್ಟೇ ಇಂಪ್ರೆಷನ್‌ಗಳನ್ನು ತಕ್ಕಡಿಗೆ ಹಾಕಿ.

ಪ್ರಶ್ನೆ: ವೂಕಾಮರ್ಸ್‌ನಲ್ಲಿ ಸೆಣಬಿನ ಬ್ಯಾಗ್ ಮಾರುತ್ತೇವೆ. ನಮ್ಮದೇ ತಾಣದ ಹುಡುಕುಪಟ್ಟಿಯಲ್ಲಿ ‘ಬ್ಯಾಗ್’ ಎಂದರೆ ಎಲ್ಲವೂ ಬರುತ್ತವೆ. ‘ಬ್ಯಾಗುಗಳು’ ಎಂದರೆ ‘ಏನೂ ಸಿಗಲಿಲ್ಲ’ ಎನ್ನುತ್ತದೆ. ಗೂಗಲ್‌ಗೆ ಅರ್ಥವಾಗುವುದು ಇದಕ್ಕೇಕೆ ಆಗುವುದಿಲ್ಲ?

ಬೇರೆ ಪತ್ರಗಳಿಗಿಂತ ಇದಕ್ಕೆ ಹೆಚ್ಚು ಜಾಗ ಕೊಡುತ್ತೇವೆ. ಗೂಗಲ್‌ನಿಂದ ಬಂದ ಗಿರಾಕಿ ಅಂಗಡಿಯೊಳಗೆ ಕಾಲಿಟ್ಟ ಮೇಲೆ ಬರಿಗೈಯಲ್ಲಿ ಮರಳುವುದು ಇಲ್ಲೇ.

ಆನ್‌ಲೈನ್ ಅಂಗಡಿ ನಡೆಸುವ ವೂಕಾಮರ್ಸ್ ನಿಂತಿರುವುದು ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದ ಮೇಲೆ. ಅದರ ಮೂಲ ಹುಡುಕಾಟಕ್ಕೆ ವ್ಯಾಕರಣ ಗೊತ್ತಿಲ್ಲ. ಗಿರಾಕಿ ಕೊಟ್ಟ ಅಕ್ಷರಸರಣಿ ಶೀರ್ಷಿಕೆ, ಕಿರುವಿವರಣೆ, ವಿವರಣೆ ಈ ಮೂರರಲ್ಲಿ ಎಲ್ಲಾದರೂ ಹಾಗೆ ಹಾಗೇ ಇದೆಯೇ ಎಂದಷ್ಟೇ ನೋಡುತ್ತದೆ. ‘ಟಾಯ್ಸ್’ ಒಳಗೆ ‘ಟಾಯ್’ ಇದೆ. ‘ಟಾಯ್’ ಒಳಗೆ ‘ಟಾಯ್ಸ್’ ಇಲ್ಲ. ಅಂದರೆ ಚಿಕ್ಕ ರೂಪ ಕೊಟ್ಟವರಿಗೆ ದೊಡ್ಡದು ಸಿಗುತ್ತದೆ, ದೊಡ್ಡದು ಕೊಟ್ಟವರಿಗೆ ಚಿಕ್ಕದು ಸಿಗುವುದಿಲ್ಲ.

ನಿಮ್ಮ ‘ಬ್ಯಾಗ್’ನದು ಇನ್ನೂ ಒಂದು ಕೈ ಮೇಲು. ಇಂಗ್ಲಿಷಿನಿಂದ ಬಂದ, ವ್ಯಂಜನದಲ್ಲಿ ನಿಲ್ಲುವ ಪದಗಳಿಗೆ ಕನ್ನಡದಲ್ಲಿ ಮೂರು ಬಹುವಚನಗಳು ಓಡಾಡುತ್ತವೆ: ‘ಬ್ಯಾಗುಗಳು’, ‘ಬ್ಯಾಗ್‌ಗಳು’, ‘ಬ್ಯಾಗ್ಗಳು’. ನಡುವಿನ ರೂಪದಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ, ಶೂನ್ಯ ಅಗಲದ ಬೇರ್ಪಡಕ. ಎಲ್ಲರೂ ಅದನ್ನು ಒತ್ತುವುದಿಲ್ಲ, ಒತ್ತದಿದ್ದರೆ ಮೂರನೆಯ ರೂಪ ಬರುತ್ತದೆ. ಮೇಲಾಗಿ ‘ಬ್ಯಾಗ್’ ಎಂದು ಹುಡುಕಿದರೆ ‘ಬ್ಯಾಗು’ ಕೂಡ ಸಿಗದು. ಒಂದರ ಕೊನೆಯಲ್ಲಿ ಅರ್ಧಾಕ್ಷರದ ಚಿಹ್ನೆ, ಇನ್ನೊಂದರಲ್ಲಿ ಉತ್ವ.

ಮಾಡಬೇಕಾದ್ದು ಇಷ್ಟು. ಶೀರ್ಷಿಕೆಗಳಲ್ಲೆಲ್ಲ ಒಂದೇ ರೂಪ ಇಡಿ, ‘ಬ್ಯಾಗ್’ ಆದರೆ ಎಲ್ಲೆಡೆ ‘ಬ್ಯಾಗ್’. ಪ್ರತಿ ವಸ್ತುವಿನ ಕಿರುವಿವರಣೆಯಲ್ಲಿ ಬಹುವಚನ ಒಮ್ಮೆ ಬರುವಂತೆ ನೋಡಿಕೊಳ್ಳಿ: ‘ಈ ಬಗೆಯ ಬ್ಯಾಗುಗಳು ಮೂರು ಅಳತೆಯಲ್ಲಿ ಸಿಗುತ್ತವೆ’. ಉಳಿದ ರೂಪಗಳನ್ನೂ ವಿವರಣೆಗೆ ತುಂಬಲು ಹೋದರೆ ಓದುವವರಿಗೆ ಹಿಂಸೆ. ಅವನ್ನು ಸಮಾನಪದಗಳ ಪಟ್ಟಿ ಇಡಲು ಬರುವ ಹುಡುಕಾಟದ ಪ್ಲಗಿನ್‌ಗೆ (ತಾಣಕ್ಕೆ ಜೋಡಿಸುವ ಹೆಚ್ಚುವರಿ ತಂತ್ರಾಂಶ) ಬಿಡಿ. ಅದರಲ್ಲಿ ‘ಬ್ಯಾಗು, ಬ್ಯಾಗುಗಳು, ಬ್ಯಾಗ್‌ಗಳು, ಬ್ಯಾಗ್ಗಳು, ಚೀಲ, ಚೀಲಗಳು’ ಎಲ್ಲವನ್ನೂ ‘ಬ್ಯಾಗ್’ಗೆ ಜೋಡಿಸಿ. ವೂಕಾಮರ್ಸ್ ಬದಲು ಶಾಪಿಫೈ ಬಳಸುವವರಿಗೆ ಸರ್ಚ್ ಆ್ಯಂಡ್ ಡಿಸ್ಕವರಿ ಎಂಬ ಆ್ಯಪ್‌ನಲ್ಲಿ ಇಂಥ ಗುಂಪು ಮಾಡುವ ಸೌಲಭ್ಯವಿದೆ.

ಪದದ ಬಾಲದಿಂದ ‘ಗಳು’ ಕತ್ತರಿಸಿ ಹುಡುಕುವಂತೆ ಕೋಡ್ ಬರೆಯುತ್ತೇವೆ ಎಂದು ಕೆಲವರು ಮುಂದೆ ಬರುತ್ತಾರೆ. ಒಪ್ಪುವ ಮುನ್ನ ‘ಮಗಳು’, ‘ತಿಂಗಳು’ ಎರಡನ್ನು ಹಾಕಿ ಪರೀಕ್ಷಿಸಿ. ‘ಮಗಳು’ ಹೋಗಿ ‘ಮ’ ಉಳಿದರೆ ಆ ಅಕ್ಷರವಿರುವ ಸರಕೆಲ್ಲ ಪರದೆಗೆ ಸುರಿಯುತ್ತದೆ. ಉಡುಗೊರೆ ಮಾರುವ ಅಂಗಡಿಯಲ್ಲಿ ಇವೆರಡೂ ದಿನಬಳಕೆಯ ಪದಗಳು.

ಚಿಕ್ಕ ಪದಗಳಿಂದ ತದ್ವಿರುದ್ಧ ತೊಂದರೆಯೂ ಉಂಟು. ಒಡವೆ ಅಂಗಡಿಯಲ್ಲಿ ‘ಸರ’ ಎಂದು ಹುಡುಕಿದರೆ ವಿವರಣೆಯಲ್ಲಿ ‘ಸರಳ’, ‘ಸರಕು’ ಎಂದಿರುವ ಎಲ್ಲವೂ ಎದ್ದು ಬರುತ್ತವೆ. ಅಂಥ ಕಡೆ ಶೀರ್ಷಿಕೆಗೆ ಹೆಚ್ಚು ತೂಕ ಕೊಡುವ ಪ್ಲಗಿನ್ ಬೇಕೇ ಬೇಕು.

ಗಿರಾಕಿಗಳು ನಿಜಕ್ಕೂ ಏನು ಟೈಪಿಸುತ್ತಾರೆ ಎಂಬುದು ತಾಣಕ್ಕೆ ಬಂದವರ ಲೆಕ್ಕವಿಡುವ ಗೂಗಲ್ ಅನಾಲಿಟಿಕ್ಸ್ 4ರಲ್ಲಿ ದಾಖಲಾಗುತ್ತದೆ. ಅದರ ‘ಎನ್‌ಹ್ಯಾನ್ಸ್ಡ್ ಮೆಷರ್‌ಮೆಂಟ್’ ಎಂಬ ಆಯ್ಕೆಯಲ್ಲಿ ಸೈಟ್ ಸರ್ಚ್ ಚಾಲೂ ಇದ್ದರೆ ವರ್ಡ್‌ಪ್ರೆಸ್‌ನ ಹುಡುಕಾಟಗಳನ್ನು ಅದು ತಾನಾಗಿಯೇ ಹಿಡಿಯುತ್ತದೆ. ತಿಂಗಳಿಗೊಮ್ಮೆ ಮೊದಲ 50 ಪದ ತೆಗೆದು, ನೀವೇ ಒಂದೊಂದಾಗಿ ನಿಮ್ಮ ತಾಣದಲ್ಲಿ ಟೈಪಿಸಿ ನೋಡಿ. ಅರ್ಧ ಗಂಟೆಯ ಕೆಲಸ.

ಪ್ರಶ್ನೆ: ಇಳಕಲ್ ಸೀರೆಯ ನಮ್ಮ ವೂಕಾಮರ್ಸ್ ತಾಣದಲ್ಲಿ ‘ಸೀರೆ’ ಎಂಬ ವಿಭಾಗವಿದೆ. ಜತೆಗೆ ಪ್ರತಿ ಸೀರೆಗೂ ‘ಸೀರೆಗಳು’ ಎಂಬ ಟ್ಯಾಗ್ ಹಾಕಿದ್ದೇವೆ. ಈಗ ಗೂಗಲ್‌ನಲ್ಲಿ ಒಂದು ದಿನ ವಿಭಾಗ ಕಾಣುತ್ತದೆ, ಇನ್ನೊಂದು ದಿನ ಟ್ಯಾಗ್ ಪುಟ.

ನಿಮಗೆ ತಿಳಿಯದಂತೆಯೇ ಎರಡು ಪುಟ ಮಾಡಿಕೊಂಡಿದ್ದೀರಿ. ವೂಕಾಮರ್ಸ್‌ನಲ್ಲಿ ವಿಭಾಗಕ್ಕೊಂದು, ಟ್ಯಾಗ್‌ಗೊಂದು ಪಟ್ಟಿಪುಟ ತಾನಾಗಿ ಹುಟ್ಟುತ್ತದೆ. ಖಚಿತಪಡಿಸಿಕೊಳ್ಳಲು ಸರ್ಚ್ ಕನ್ಸೋಲ್‌ನಲ್ಲಿ ಆ ಹುಡುಕುಪದದ ಮೇಲೆ ಒತ್ತಿ, ‘ಪೇಜಸ್’ ಎಂಬ ಕಡೆಗೆ ಹೋಗಿ. ಒಂದೇ ಪದಕ್ಕೆ ಎರಡು ವಿಳಾಸ ಇಂಪ್ರೆಷನ್ ಹಂಚಿಕೊಂಡಿದ್ದರೆ ರೋಗ ಅದೇ.

ಹೆಚ್ಚು ಕ್ಲಿಕ್ ಬಂದ ಪುಟ ಉಳಿಯಲಿ, ಸಾಮಾನ್ಯವಾಗಿ ಅದು ವಿಭಾಗವೇ. ಟ್ಯಾಗ್ ಅಳಿಸಿ, ಅದರ ವಿಳಾಸದಿಂದ ವಿಭಾಗದ ವಿಳಾಸಕ್ಕೆ 301 ಮರುನಿರ್ದೇಶನ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಾಯಂ ಕಳಿಸುವ ಸೂಚನೆ) ಹಾಕಿ. ಅದನ್ನು ಕನಿಷ್ಠ ಒಂದು ವರ್ಷ ತೆಗೆಯಬೇಡಿ. ಮೆನು, ಅಡಿಬರಹ, ಹಳೆಯ ಲೇಖನಗಳಲ್ಲಿ ಟ್ಯಾಗ್ ಪುಟಕ್ಕೆ ಕೊಟ್ಟ ಕೊಂಡಿಗಳನ್ನು ಕೈಯಾರೆ ಬದಲಿಸಿ. ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್‌ನಿಂದ ಟ್ಯಾಗ್ ಹೋಗಿದೆಯೇ ನೋಡಿ.

ಟ್ಯಾಗ್ ಪುಟವನ್ನು ರೋಬಾಟ್ಸ್ ಕಡತದಲ್ಲಿ (ಯಾವ ಪುಟ ತೆರೆಯಬಾರದೆಂದು ಹುಡುಕುಯಂತ್ರಕ್ಕೆ ಹೇಳುವ ಕಡತ) ತಡೆದರೆ ಸಾಕಲ್ಲವೆ ಎಂದು ಇನ್ನೊಬ್ಬ ಓದುಗರು ಕೇಳಿದ್ದಾರೆ. ಸಾಲದು. ಅಲ್ಲಿ ತಡೆದ ಪುಟವನ್ನು ಗೂಗಲ್ ತೆರೆದೇ ನೋಡುವುದಿಲ್ಲ. ನೋಡದಿದ್ದರೆ ಅದರಲ್ಲಿರುವ, ‘ಪಟ್ಟಿಗೆ ಸೇರಿಸಬೇಡ’ ಎನ್ನುವ ನೋ-ಇಂಡೆಕ್ಸ್ ಆಗಲಿ, ಮರುನಿರ್ದೇಶನವಾಗಲಿ ಅದಕ್ಕೆ ತಿಳಿಯುವುದು ಹೇಗೆ? ಹಳೆಯ ವಿಳಾಸ ತಿಂಗಳುಗಟ್ಟಲೆ ಪಟ್ಟಿಯಲ್ಲೇ ಕೂತಿರಬಹುದು.

ಉಳಿಸಿಕೊಂಡ ವಿಭಾಗದ ಹೆಸರು ಬದಲಿಸುವ ಆಸೆ ಆದರೆ ಶೀರ್ಷಿಕೆಯನ್ನಷ್ಟೇ ಬದಲಿಸಿ. ‘ಸೀರೆ’ಯನ್ನು ‘ಸೀರೆಗಳು’ ಮಾಡಲು ವಿಳಾಸವನ್ನೇ ತಿದ್ದುವುದು ಮೂಗುತಿಗಾಗಿ ಮೂಗು ಕೊಯ್ದಂತೆ.

ಪ್ರಶ್ನೆ: ನಾವು ಮಾರುವುದು ಮರದ ಗೊಂಬೆ ಮಾತ್ರ. ಗೂಗಲ್ ಜಾಹೀರಾತಿನಲ್ಲಿ ‘ತೊಗಲು ಗೊಂಬೆ’ಯನ್ನು ನೆಗೆಟಿವ್ ಕೀವರ್ಡ್ (ಜಾಹೀರಾತು ತೋರಬಾರದ ಹುಡುಕುಪದ) ಮಾಡಿದ್ದೇವೆ. ಆದರೂ ಆ ಹುಡುಕಾಟದಿಂದ ಕ್ಲಿಕ್ ಬಂದು ಹಣ ಹೋಗುತ್ತಿದೆ.

ಜಾಹೀರಾತು ಖಾತೆಯಲ್ಲಿ ಬೇಕಾದ ಪದಕ್ಕೊಂದು ನ್ಯಾಯ, ಬೇಡದ ಪದಕ್ಕೊಂದು ನ್ಯಾಯ. ಬೇಕಾದ ಪದವನ್ನು ‘ಎಗ್ಸಾಕ್ಟ್’ (ಇದೇ ಪದಕ್ಕೆ ಮಾತ್ರ) ಎಂದು ಕೊಟ್ಟರೂ ಏಕವಚನ–ಬಹುವಚನ ಎರಡಕ್ಕೂ ಜಾಹೀರಾತು ತೋರುತ್ತದೆ. ಅದನ್ನು ಬೇಡವೆನ್ನುವ ಆಯ್ಕೆಯನ್ನು ಗೂಗಲ್ 2014ರಲ್ಲೇ ತೆಗೆದುಹಾಕಿತು. ನೆಗೆಟಿವ್ ಪದ ಮಾತ್ರ ಬರೆದ ರೂಪಕ್ಕಷ್ಟೇ ಅನ್ವಯ. 2024ರಿಂದ ಅಕ್ಷರತಪ್ಪುಗಳನ್ನು ಅದು ತಾನೇ ಹಿಡಿಯುತ್ತಿದೆ, ಬಹುವಚನವನ್ನು ಈಗಲೂ ಹಿಡಿಯುವುದಿಲ್ಲ.

ಕನ್ನಡದಲ್ಲಿ ಇದರ ಏಟು ಜೋರು, ಏಕೆಂದರೆ ವಿಭಕ್ತಿಯೂ ಪದಕ್ಕೇ ಅಂಟಿಕೊಂಡು ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಕನಿಷ್ಠ ಇವಿರಲಿ: ತೊಗಲು ಗೊಂಬೆ, ತೊಗಲು ಗೊಂಬೆಗಳು, ತೊಗಲುಗೊಂಬೆ, ತೊಗಲುಗೊಂಬೆಗಳು, ತೊಗಲು ಗೊಂಬೆಯ, ತೊಗಲು ಗೊಂಬೆಗಳ, ಜತೆಗೆ ಕೂಡಿಸಿ ಬರೆದ ‘ತೊಗಲುಗೊಂಬೆಯಾಟ’. ಇನ್ನೂ ಸುಲಭದ ದಾರಿ, ‘ತೊಗಲು’ ಎಂಬ ಒಂದೇ ಪದವನ್ನು ನೆಗೆಟಿವ್ ಮಾಡುವುದು. ಬಿಡಿಸಿ ಬರೆದವೆಲ್ಲ ಅದರಲ್ಲೇ ತಡೆಯಾಗುತ್ತವೆ, ಕೂಡಿಸಿ ಬರೆದವನ್ನಷ್ಟೇ ಪ್ರತ್ಯೇಕ ಸೇರಿಸಿದರಾಯಿತು. ನೀವು ಮರದ ಗೊಂಬೆ ಮಾತ್ರ ಮಾರುವುದರಿಂದ ನಷ್ಟವೇನಿಲ್ಲ. ವಾರಕ್ಕೊಮ್ಮೆ ‘ಸರ್ಚ್ ಟರ್ಮ್ಸ್’ ವರದಿ ತೆರೆದು ಹೊಸ ರೂಪ ಬಂದಿದೆಯೇ ನೋಡಿ.

ಬೇಕಾದ ಪದಗಳಲ್ಲಿ ಎರಡೂ ರೂಪ ಹಾಕುವುದು ಅನಗತ್ಯ. ಏಕವಚನಕ್ಕೆ ವಸ್ತುವಿನ ಪುಟ, ಬಹುವಚನಕ್ಕೆ ವಿಭಾಗದ ಪುಟ ಎಂದು ಬೇರೆ ಬೇರೆ ಕಡೆ ಕಳಿಸುವುದಿದ್ದರೆ ಎರಡನ್ನೂ ‘ಎಗ್ಸಾಕ್ಟ್’ ಆಗಿ, ಬೇರೆ ಬೇರೆ ಜಾಹೀರಾತು ಗುಂಪಿನಲ್ಲಿ ಇಡಿ. ಟೈಪಿಸಿದ್ದಕ್ಕೆ ತದ್ರೂಪವಾದ ಪದಕ್ಕೆ ಗೂಗಲ್ ಆದ್ಯತೆ ಕೊಡುತ್ತದೆ.

ಪ್ರಶ್ನೆ: ಅಮೆಜಾನ್‌ನ ‘ಸರ್ಚ್ ಟರ್ಮ್ಸ್’ ಖಾನೆಯಲ್ಲಿ (ಮಾರುವವರು ಹುಡುಕುಪದ ಬರೆಯುವ ಜಾಗ) ಎರಡೂ ರೂಪ ತುಂಬಬಹುದೆ? ಕನ್ನಡ ಪದಗಳನ್ನೂ?

ಒಂದು ರೂಪ ಸಾಕೆಂದು ಅವರ ಮಾರ್ಗಸೂಚಿಯೇ ಹೇಳುತ್ತದೆ. ಭಾರತದ ತಾಣದಲ್ಲಿ ಆ ಖಾನೆಗೆ ಇರುವ ಜಾಗ 200 ಬೈಟ್. ಅಕ್ಷರವಲ್ಲ, ಬೈಟ್. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ವ್ಯಂಜನ, ಪ್ರತಿ ಸ್ವರಚಿಹ್ನೆ, ಪ್ರತಿ ಸೊನ್ನೆ ಮೂರು ಮೂರು ಬೈಟ್ ತಿನ್ನುತ್ತದೆ. ‘ಸೀರೆ’ 12 ಬೈಟ್, ‘ಸೀರೆಗಳು’ 21. ಮಿತಿ ದಾಟಿದರೆ ಹೆಚ್ಚಿನದನ್ನಷ್ಟೇ ಬಿಡುತ್ತಾರೆ ಅಂದುಕೊಳ್ಳಬೇಡಿ, ಇಡೀ ಖಾನೆಯೇ ಲೆಕ್ಕದಿಂದ ಹೊರಬೀಳಬಹುದು. ‘ಗಳು’ವಿಗೆ ಕೊಡುವ 9 ಬೈಟ್‌ನಲ್ಲಿ ‘ಮರದ’ ಎಂಬ ಪೂರ್ತಿ ಪದವೇ ಹಿಡಿಯುತ್ತದೆ. ಶೀರ್ಷಿಕೆಯಲ್ಲಿ ಈಗಾಗಲೇ ಇರುವ ಪದವನ್ನು ಇಲ್ಲಿ ಮತ್ತೆ ಬರೆಯುವುದೂ ದಂಡ.

ಪ್ರಶ್ನೆ: ಪುಟದ ಕೋಡ್‌ನಲ್ಲಿ ಅಡಗಿರುವ ಮೆಟಾ ಕೀವರ್ಡ್ಸ್‌ನಲ್ಲಿ ಎರಡೂ ರೂಪ ಹಾಕಿದರೆ ಲಾಭವಿದೆಯೆ?

ಇಲ್ಲ. ರ್‍ಯಾಂಕಿಂಗ್‌ಗೆ ಅದನ್ನು ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಪ್ರಶ್ನೆ: ಕನ್ನಡದಲ್ಲೇ ಇಟ್ಟ ಪುಟದ ವಿಳಾಸ ವರ್ಡ್‌ಪ್ರೆಸ್‌ನಲ್ಲಿ ಅರ್ಧಕ್ಕೇ ತುಂಡಾಗುತ್ತಿದೆ. ‘ಗಳು’ ತೆಗೆದರೆ ಸರಿಹೋಗುತ್ತಿದೆ. ಏಕೆ?

ಸ್ಲಗ್‌ಗೆ, ಅಂದರೆ ವಿಳಾಸದಲ್ಲಿ ಪುಟದ ಹೆಸರಿರುವ ಭಾಗಕ್ಕೆ, ವರ್ಡ್‌ಪ್ರೆಸ್ ಕೊಡುವ ಜಾಗ 200 ಅಕ್ಷರ. ಕನ್ನಡವನ್ನು ಅದು ಶೇಕಡ ಚಿಹ್ನೆಯ ಸಂಕೇತಕ್ಕೆ ಬದಲಿಸಿ ಉಳಿಸುವುದರಿಂದ ಒಂದೊಂದು ಕನ್ನಡ ಅಕ್ಷರಭಾಗಕ್ಕೂ 9 ಅಕ್ಷರ ಖರ್ಚು. ಅಂದರೆ ಸುಮಾರು 22 ಭಾಗಗಳಿಗೆ ಜಾಗ ಮುಗಿಯಿತು. ‘ಚನ್ನಪಟ್ಟಣದ-ಮರದ-ಗೊಂಬೆಗಳು’ ಎಂಬಷ್ಟಕ್ಕೇ 191 ಆಗುತ್ತದೆ, ಇನ್ನೊಂದು ಪದ ಸೇರಿಸಿದರೆ ಕತ್ತರಿ. ‘ಗಳು’ ಬಿಟ್ಟರೆ 27 ಉಳಿದು 164ಕ್ಕೆ ನಿಲ್ಲುತ್ತದೆ. ವಿಳಾಸದಲ್ಲಿ ‘ಮರದ-ಗೊಂಬೆ’ ಎಂದಷ್ಟೇ ಇಡಿ, ಊರ ಹೆಸರು ಶೀರ್ಷಿಕೆಯಲ್ಲಿರಲಿ.

ಪ್ರಶ್ನೆ: ಒಂದೇ ಗೊಂಬೆಯ ಪುಟಕ್ಕೆ ‘ಮರದ ಗೊಂಬೆಗಳು’ ಎಂದು ಶೀರ್ಷಿಕೆ ಕೊಟ್ಟೆವು, ಹೆಚ್ಚು ಜನ ಹುಡುಕುತ್ತಾರೆಂದು. ಈಗ ‘ಒಂದೇ ಬಂದಿದೆ’ ಎಂದು ವಾಪಸಾತಿ ಹೆಚ್ಚಿದೆ.

ಶೀರ್ಷಿಕೆಯ ವಚನ ಪೆಟ್ಟಿಗೆಯೊಳಗಿನ ಎಣಿಕೆಗೆ ಹೊಂದಬೇಕು. ಚಿತ್ರದಲ್ಲಿ ಐದು ಗೊಂಬೆ ಸಾಲಾಗಿ ನಿಂತಿದ್ದು, ಶೀರ್ಷಿಕೆ ‘ಗೊಂಬೆಗಳು’ ಎಂದರೆ ಗಿರಾಕಿ ಐದನ್ನೇ ನಿರೀಕ್ಷಿಸುವುದರಲ್ಲಿ ತಪ್ಪಿಲ್ಲ. ಶೀರ್ಷಿಕೆಯನ್ನು ‘ಮರದ ಗೊಂಬೆ, 1’ ಎಂದು ಮಾಡಿ, ಎತ್ತರವನ್ನು ಸೆಂಟಿಮೀಟರಿನಲ್ಲಿ ಬರೆಯಿರಿ. ಮೊದಲ ಚಿತ್ರದಲ್ಲಿ ಕಳಿಸುವ ಗೊಂಬೆಯೊಂದೇ ಇರಲಿ, ಸಾಲುಗೊಂಬೆಗಳ ಚಿತ್ರ ನಾಲ್ಕನೆಯದಾಗಲಿ. ಜೋಡಿಯಾಗಿ ಮಾರುವುದಾದರೆ ‘ಜೋಡಿ’, ಗುಂಪಾಗಿ ಮಾರುವುದಾದರೆ ‘5 ಗೊಂಬೆಯ ಸೆಟ್’ ಎಂದು ಎಣಿಕೆಯನ್ನೇ ಬರೆಯಿರಿ. ಓಲೆ, ಜುಮ್ಕಿ ಮಾರುವವರೂ ಗಮನಿಸಿ: ಇಂಗ್ಲಿಷ್ ಶೀರ್ಷಿಕೆಯಲ್ಲಿ ‘ಇಯರಿಂಗ್ಸ್’ ಎಂಬ ಬಹುವಚನವೇ ಜೋಡಿಗೆ ರೂಢಿ, ಕನ್ನಡದಲ್ಲಿ ‘ಓಲೆ, 1 ಜೊತೆ’ ಎಂದರೆ ಸಾಕು.